ಸೈರನ್ ಕೂಗಿದ ಬೆಳಿಗ್ಗೆಯ ಕೂಲಿ

ಕೃತಕ ಬುದ್ಧಿಮತ್ತೆ ಅಂದರೆ ಏನು ಟೀಚರ್ ಎಂದು ಕೇಳುವವರಿಗೆ ನಾನು ಮೊಬೈಲ್ ತೋರಿಸುವುದಿಲ್ಲ. ಯಾವುದಾದರೂ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಕಲರ್ ಸಾರ್ಟರ್ ಮುಂದೆ ಸ್ವಲ್ಪ ಹೊತ್ತು ನಿಂತು ಬನ್ನಿ ಅನ್ನುತ್ತೇನೆ. ಮೇಲಿನಿಂದ ಕಾಫಿ ಬೀಜ ತೆಳು ಪರದೆಯ ಹಾಗೆ ಉದುರುತ್ತಿರುತ್ತದೆ. ನಡುವೆ ಬೆಳಕು, ಬೆಳಕಿನ ಎದುರು ಬಣ್ಣ ಅಳೆಯುವ ಕಣ್ಣು. ಕಪ್ಪು ಬೀಜ ಕಂಡ ತಕ್ಷಣ ಪಕ್ಕದ ಸಣ್ಣ ತೂತಿನಿಂದ ಗಾಳಿ ಚುಸ್ ಎಂದು ಊದಿ, ಅದೊಂದನ್ನು ಮಾತ್ರ ಆಚೆ ತಳ್ಳುತ್ತದೆ. ಉಳಿದವು ಏನೂ ಆಗಿಲ್ಲವೆಂಬಂತೆ ಚೀಲಕ್ಕೆ ಇಳಿಯುತ್ತವೆ.

ನೋಡಬೇಕಾದ್ದು ಗಾಳಿಯನ್ನಲ್ಲ, ಪಕ್ಕದಲ್ಲಿರುವ ನಾಬ್ ಅನ್ನು. ಈಗಿನ ಯಂತ್ರಗಳಲ್ಲಿ ಅದು ಪರದೆಯ ಮೇಲಿನ ಒಂದು ಅಂಕೆ, ಅಷ್ಟೇ ವ್ಯತ್ಯಾಸ. ಅದನ್ನು ಬಿಗಿ ಮಾಡಿದರೆ ಕಪ್ಪು ಬೀಜ ಒಂದೂ ತಪ್ಪಿಸಿಕೊಳ್ಳುವುದಿಲ್ಲ, ಆದರೆ ಜೊತೆಗೆ ಒಳ್ಳೆಯ ಬೀಜವೂ ಆಚೆ ಹೋಗುತ್ತದೆ. ಸಡಿಲ ಮಾಡಿದರೆ ಒಳ್ಳೆಯದು ಉಳಿಯುತ್ತದೆ, ಕಪ್ಪೂ ನುಸುಳುತ್ತದೆ. ಎರಡೂ ತಪ್ಪು ಸೊನ್ನೆಯಾಗುವ ಜಾಗ ಆ ನಾಬ್‌ನಲ್ಲಿ ಎಲ್ಲೂ ಇಲ್ಲ. ಎಷ್ಟಕ್ಕೆ ನಿಲ್ಲಿಸಬೇಕು ಎಂಬುದು ಕೊಳ್ಳುವವನು ಯಾರು, ಮಾಲು ಯಾವುದು, ನಷ್ಟ ಯಾರ ಲೆಕ್ಕಕ್ಕೆ ಎಂಬುದರ ಮೇಲೆ ನಿಂತಿದೆ. ಯಂತ್ರಕ್ಕೆ ಅದರ ಗೊಡವೆ ಇಲ್ಲ.

ಆ ಯಂತ್ರ ಬರುವ ಮುಂಚೆ ಅದೇ ಕೆಲಸವನ್ನು ಹೆಣ್ಣಾಳುಗಳು ಮಾಡುತ್ತಿದ್ದರು. ನಮ್ಮ ಅವ್ವ ಹಾಸನದ ಕಡೆಯ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಾಲಿನಲ್ಲಿ ಕೂತು ಬೀಜ ಆರಿಸಿದವಳು, ತೂಕದ ಲೆಕ್ಕದ ಕೂಲಿಗೆ. ಯಾವ ಬೀಜ ಕೆಟ್ಟದ್ದು ಅಂತ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದರೆ, "ಕಣ್ಣಿಗೆ ಗೊತ್ತಾಯ್ತದೆ ಕಣೆ, ಬಾಯಿಗೆ ಗೊತ್ತಿಲ್ಲ" ಅನ್ನುತ್ತಿದ್ದಳು. ಮುಂದೆ ನಾನು ಗಣಿತ ಓದಿ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತಳಾಗಿ, ಈಗ ಬೇಲೂರು ತಾಲ್ಲೂಕಿನ ಅರೇಹಳ್ಳಿಯಲ್ಲಿ ಒಂದಿಷ್ಟು ರೊಬಸ್ಟಾ ಕಾಫಿ ತೋಟ ನೋಡಿಕೊಂಡಿದ್ದೇನೆ. ಎಐ ಎಂಬುದರ ಎಪ್ಪತ್ತು ವರ್ಷದ ಕಥೆಯನ್ನು ಓದುವಾಗಲೆಲ್ಲ ಅವ್ವನ ಆ ಮಾತೇ ಅಡ್ಡ ಬರುತ್ತದೆ.

ಏಕೆಂದರೆ ಮೊದಲಿನವರು ಹೊರಟದ್ದು ಬಾಯಿಗೆ ಗೊತ್ತಿರುವುದರಿಂದ. 1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ, ಮಾರ್ವಿನ್ ಮಿನ್ಸ್ಕಿ, ಕ್ಲಾಡ್ ಶಾನನ್, ನಥೇನಿಯಲ್ ರಾಚೆಸ್ಟರ್ ಮೊದಲಾದವರು ಸೇರಿದರು. ಈ ವಿದ್ಯೆಗೆ ಇವತ್ತಿನ ಹೆಸರು ಸಿಕ್ಕಿದ್ದು ಆ ಸಭೆಗಾಗಿ ಬರೆದ ಅರ್ಜಿಯಲ್ಲಿ. ಹತ್ತು ಜನ ಎರಡು ತಿಂಗಳು ಕೂತರೆ ಗಣನೀಯ ಪ್ರಗತಿ ಸಾಧ್ಯ ಎಂದು ಅದರಲ್ಲಿ ಬರೆದಿದ್ದರು. ಪಂಚಾಯಿತಿ ಕಾಮಗಾರಿಯ ಅಂದಾಜು ಪಟ್ಟಿ ಓದಿದಂತಾಗುತ್ತದೆ. ಅವರಲ್ಲಿ ಹಲವರ ನಂಬಿಕೆ ಇಷ್ಟು: ತಿಳಿವಳಿಕೆಯನ್ನು ನಿಯಮವಾಗಿ ಬರೆದುಬಿಡಬಹುದು, ಬರೆದದ್ದನ್ನು ಯಂತ್ರ ಪಾಲಿಸುತ್ತದೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಸಿನ್ ಎಂಬ ಕಾರ್ಯಕ್ರಮ ರಕ್ತದ ಸೋಂಕಿಗೆ ಯಾವ ಔಷಧ ಎಂದು ಹೇಳುತ್ತಿತ್ತು. ಅದರೊಳಗೆ ಡಾಕ್ಟರುಗಳಿಂದ ಕೇಳಿ ಬರೆದ ಸುಮಾರು 600 ನಿಯಮಗಳಿದ್ದವು.

ಈ ದಾರಿ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂಬತ್ತನೇ ಕ್ಲಾಸಿನ ಮಕ್ಕಳೇ ನನಗೆ ತೋರಿಸಿಕೊಟ್ಟಿದ್ದಾರೆ. ಮೇಜಿನ ಮೇಲೆ ಒಂದು ಸೇರು ಬೀಜ ಸುರಿದು, ಕೆಟ್ಟ ಬೀಜಕ್ಕೆ ನಿಯಮ ಬರೆಯಿರಿ ಅಂದೆ. "ಕಪ್ಪಗಿದ್ದರೆ ತೆಗಿ" ಎಂದು ಒಬ್ಬ ಬರೆದ. ಎಷ್ಟು ಕಪ್ಪು? ಒದ್ದೆಯಾದ ಒಳ್ಳೆಯ ಬೀಜವೂ ಕಪ್ಪಗೆ ಕಾಣುತ್ತದಲ್ಲ? "ಒಣಗಿದ್ದು ಕಪ್ಪಗಿದ್ದರೆ" ಎಂದು ತಿದ್ದಿದ. ಕಾಯಿಕೊರಕ ತೂತು ಮಾಡಿದ ಬೀಜದ ಬಣ್ಣ ಸರಿಯಾಗಿಯೇ ಇರುತ್ತದೆ, ಅದಕ್ಕೊಂದು ನಿಯಮ. ತೂತು ಕೆಳಮಗ್ಗುಲಾಗಿ ಬಿದ್ದಿದ್ದರೆ? ಬಿಳಿಚಿಕೊಂಡದ್ದು, ಒಡೆದದ್ದು, ಸಿಪ್ಪೆ ಅಂಟಿದ್ದು, ಎಲ್ಲಕ್ಕೂ ಒಂದೊಂದು ಸಾಲು. ಗಂಟೆ ಹೊಡೆಯುವ ಹೊತ್ತಿಗೆ ಬೋರ್ಡು ತುಂಬಿತ್ತು. ಹಿಂದಿನ ಬೆಂಚಿನಲ್ಲಿ ತೋಟದ ಆಳುಗಳ ಲೈನ್ ಮನೆಯಿಂದ ಬರುತ್ತಿದ್ದ ಒಂದು ಹುಡುಗಿ ಏನನ್ನೂ ಬರೆಯದೆ ತನ್ನ ಪಾಲಿನ ಬೀಜವನ್ನೆಲ್ಲ ಎರಡು ಗುಡ್ಡೆ ಮಾಡಿ ಮುಗಿಸಿ ಕೂತಿದ್ದಳು.

ಆ ಹುಡುಗಿಯ ದಾರಿಯನ್ನು ಯಂತ್ರಕ್ಕೆ ಮೊದಲು ಹಿಡಿಸಲು ನೋಡಿದವರಲ್ಲಿ ಫ್ರಾಂಕ್ ರೋಸನ್‌ಬ್ಲಾಟ್ ಒಬ್ಬ. ಅವನ ಪರ್ಸೆಪ್ಟ್ರಾನ್ 1958ರಲ್ಲಿ ಮೊದಲು ಐಬಿಎಂ 704 ಕಂಪ್ಯೂಟರಿನ ಮೇಲೆ ನಡೆಯಿತು, ಆಮೇಲೆ ಮಾರ್ಕ್ 1 ಎಂಬ ನಿಜವಾದ ಯಂತ್ರವಾಯಿತು. ಅದಕ್ಕೆ ಉದ್ದ 20, ಅಗಲ 20, ಒಟ್ಟು 400 ಬೆಳಕಿನ ಕಣ್ಣುಗಳು. ಪ್ರತಿ ಕಣ್ಣು ಕೊಟ್ಟ ಅಂಕೆ ಒಳಗಿನ ತಂತಿಗಳಲ್ಲಿ ಹರಿದು, ಒಂದೊಂದು ದಾರಿಯಲ್ಲೂ ಒಂದೊಂದು ತೂಕದಿಂದ ಗುಣಿಸಿಕೊಂಡು, ಕೊನೆಗೆ ಎಲ್ಲ ಕೂಡಿ ಒಂದು ಮೊತ್ತವಾಗುತ್ತಿತ್ತು. ಮೊತ್ತ ಗೆರೆ ದಾಟಿದರೆ "ಹೌದು", ಇಲ್ಲದಿದ್ದರೆ "ಇಲ್ಲ". ಉತ್ತರ ತಪ್ಪಾದರೆ ತೂಕಗಳನ್ನು ತುಸು ಬದಲಿಸುವುದು, ಮತ್ತೊಂದು ಉದಾಹರಣೆ ತೋರಿಸುವುದು. ನನಗೆ ಬಹಳ ಇಷ್ಟವಾದ ವಿಷಯ ಏನೆಂದರೆ, ಆ ತೂಕಗಳು ಯಂತ್ರದಲ್ಲಿ ನಿಜವಾದ ತಿರುಪುಗಳಾಗಿದ್ದವು. ಹಳೆಯ ರೇಡಿಯೊದಲ್ಲಿ ದನಿ ಹೆಚ್ಚುಕಡಿಮೆ ಮಾಡಲು ಇರುತ್ತಿದ್ದಂಥವು. ಅವನ್ನು ತಿರುಗಿಸಲು ಸಣ್ಣ ಮೋಟಾರುಗಳಿದ್ದವು. ಅಂದರೆ ತಪ್ಪು ಮಾಡಿದಾಗಲೆಲ್ಲ ಯಂತ್ರ ತನ್ನ ತಿರುಪುಗಳನ್ನು ತಾನೇ ತಿರುಗಿಸಿಕೊಳ್ಳುತ್ತಿತ್ತು. "ಕಲಿಯುವುದು" ಎಂದು ನಾವು ದೊಡ್ಡ ಮಾತಿನಲ್ಲಿ ಹೇಳುವುದು ಇದನ್ನೇ. ಗುಣಾಕಾರ, ಸಂಕಲನ, ತಪ್ಪಿನ ಲೆಕ್ಕ, ಮತ್ತೆ ಒಂದಿಷ್ಟು ತಿದ್ದುಪಡಿ. ಹೈಸ್ಕೂಲು ಗಣಿತಕ್ಕೆ ಹೊರತಾದದ್ದು ಇದರಲ್ಲಿ ಬಹಳ ಇಲ್ಲ.

ಇನ್ನೇನು ಈ ಯಂತ್ರ ನಡೆಯುತ್ತದೆ, ಮಾತಾಡುತ್ತದೆ ಎಂದು ಅಮೆರಿಕದ ಪತ್ರಿಕೆಗಳು ಆಗಲೇ ಬರೆದವು. ಪತ್ರಿಕೆಗಳಿಗೆ ಈ ಚಟ ಹೊಸದಲ್ಲ. 1969ರಲ್ಲಿ ಮಿನ್ಸ್ಕಿ ಮತ್ತು ಸೀಮೋರ್ ಪ್ಯಾಪರ್ಟ್ ಒಂದೇ ಪದರದ ಪರ್ಸೆಪ್ಟ್ರಾನ್‌ಗೆ ಕೆಲವು ತೀರಾ ಸರಳ ಲೆಕ್ಕಗಳೂ ಬಗೆಹರಿಯವು ಎಂದು ತೋರಿಸಿದ ಮೇಲೆ ಉತ್ಸಾಹ ಇಳಿಯಿತು. ಪದರಗಳನ್ನು ಒಂದರ ಮೇಲೊಂದು ಇಟ್ಟು, ತಪ್ಪಿನ ಪಾಲನ್ನು ಹಿಂದಿನ ಪದರಗಳಿಗೂ ಹಂಚುವ ಲೆಕ್ಕವನ್ನು ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ 1986ರಲ್ಲಿ ಜನಪ್ರಿಯಗೊಳಿಸಿದರು. 2012ರಲ್ಲಿ ಹಿಂಟನ್ ಅವರ ವಿದ್ಯಾರ್ಥಿಗಳ ಅಲೆಕ್ಸ್‌ನೆಟ್ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನೆಲ್ಲ ಬಹಳ ಹಿಂದೆ ಹಾಕಿತು. ಅದರಲ್ಲಿ ಸುಮಾರು 6 ಕೋಟಿ ತಿರುಪುಗಳಿದ್ದವು. ಮೋಟಾರುಗಳಲ್ಲ ಈಗ, ಬರೀ ಅಂಕೆಗಳು.

ಆ ಸ್ಪರ್ಧೆಯ ಚಿತ್ರಭಂಡಾರದ ಹೆಸರು ಇಮೇಜ್‌ನೆಟ್. ಸ್ಪರ್ಧೆಗೆ ಇಟ್ಟ ಚಿತ್ರಗಳು 12 ಲಕ್ಷಕ್ಕೂ ಹೆಚ್ಚು, ಗುರುತಿಸಬೇಕಾದ ಬಗೆಗಳು 1000. ಆ ಸಾವಿರದಲ್ಲಿ ಭಾರತದ ಆನೆ ಒಂದು, ಆಫ್ರಿಕಾದ ಆನೆ ಬೇರೊಂದು, ದಂತದಾನೆ ಮತ್ತೊಂದು. "ಇದು ಆನೆ, ಇದು ಆನೆಯಲ್ಲ" ಎಂದು ಚಿತ್ರಗಳಿಗೆ ಹೆಸರು ಅಂಟಿಸಿದವರು ಯಾರು? ಅಮೆಜಾನ್‌ನ ಮೆಕ್ಯಾನಿಕಲ್ ಟರ್ಕ್ ಎಂಬ ತಾಣದಲ್ಲಿ ಕೂತು, ಚಿತ್ರಕ್ಕಿಷ್ಟು ಎಂದು ಚಿಲ್ಲರೆ ಕೂಲಿ ಪಡೆದ ಸಾವಿರಾರು ಜನ. ಅವರು ಮಾಡಿದ್ದು ನಮ್ಮ ಅವ್ವ ಮಾಡಿದ ಕೆಲಸವನ್ನೇ. ಕಣ್ಣಿಗೆ ಗೊತ್ತಿದ್ದದ್ದನ್ನು ಗುಡ್ಡೆ ಗುಡ್ಡೆಯಾಗಿ ಬೇರ್ಪಡಿಸಿ ಕೊಟ್ಟರು, ಯಂತ್ರ ಆ ಗುಡ್ಡೆಗಳನ್ನು ನೋಡಿ ತಿರುಪು ತಿದ್ದಿಕೊಂಡಿತು. ಯಂತ್ರ ತಾನಾಗಿಯೇ ಕಲಿಯಿತು ಎಂದು ಹೇಳುವವರು ಈ ಕೂಲಿಯ ಸಾಲನ್ನು ಲೆಕ್ಕದ ಪುಸ್ತಕದಿಂದ ಹಾರಿಸುತ್ತಾರೆ.

ಮಾತಾಡುವ ಎಐಯ ಬುಡವೂ ಇದೇ. ಮುಂದಿನ ಪದ ಯಾವುದಿರಬಹುದು ಎಂಬುದಕ್ಕೆ ಸಂಭವದ ಲೆಕ್ಕ ಹಾಕುತ್ತಾ ಹೋಗುತ್ತದೆ. ಅದು ಎಷ್ಟು ಚೆನ್ನಾಗಿ ಮಾತಾಡಿದರೂ, ತಾನು ಹೆಚ್ಚು ಕಂಡದ್ದರ ಕಡೆಗೇ ವಾಲುತ್ತದೆ. ನಮ್ಮ ಅರೇಹಳ್ಳಿಯ ಬಗ್ಗೆ ಅಣ್ಣನ ಮಗ ಒಮ್ಮೆ ಕೇಳಿದಾಗ, ಅದು ಬೆಂಗಳೂರಿನ ಉತ್ತರಹಳ್ಳಿ ಪಕ್ಕದ ಅರೇಹಳ್ಳಿಯ ಸೈಟಿನ ವಿಚಾರ ಹೇಳತೊಡಗಿತು. ತಮಾಷೆಯಾಗಿತ್ತು, ಯಾರಿಗೂ ನಷ್ಟವಾಗಲಿಲ್ಲ. ಆದರೆ ಎಲ್ಲ ತಪ್ಪುಗಳೂ ಹೀಗೆ ಪುಕ್ಕಟೆಯಲ್ಲ.

ಆನೆಯ ಮಾತಿಗೆ ಬರುತ್ತೇನೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ನಮ್ಮ ಬೇಲೂರು, ಆಲೂರು, ಸಕಲೇಶಪುರದ ಆನೆಗಳಿಗೆ ಕಾಡು ಮನೆಯೋ ತೋಟ ಮನೆಯೋ ಹೇಳುವುದು ಕಷ್ಟ. 2014ರಲ್ಲಿ ಆಲೂರು–ಸಕಲೇಶಪುರ ಕಡೆಯಿಂದ 22 ಆನೆ ಹಿಡಿದು ಸಾಗಿಸಿದರು. ಜಾಗ ಖಾಲಿ ಉಳಿಯಲಿಲ್ಲ, ಬೇರೆಯವು ಬಂದವು. ಈಗ ಅರಣ್ಯ ಇಲಾಖೆ ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಹಾಕಿದೆ. ಆನೆ ಕಾರ್ಯಪಡೆಯ ಹುಡುಗರು ಹೆಜ್ಜೆ, ಲದ್ದಿ, ಮುರಿದ ಬೈನೆ ಮರ ನೋಡಿ ಹಿಂಡಿನ ಜಾಡು ಹಿಡಿಯುತ್ತಾರೆ. ಭೀಮ, ಕ್ಯಾಪ್ಟನ್, ಕರಡಿ ಎಂದು ಒಂಟಿ ಸಲಗಗಳಿಗೆ ಹೆಸರು. ದಂತದ ಬಾಗು ನೋಡಿ ಯಾವನು ಬಂದಿದ್ದಾನೆ ಎಂದು ಹೇಳುವವರಿದ್ದಾರೆ. ಹಿಂಡು ಯಾವ ತೋಟದಲ್ಲಿದೆ ಎಂಬುದು ವಾಟ್ಸ್‌ಆ್ಯಪ್‌ನಲ್ಲಿ ನಮಗೆ ಬರುತ್ತದೆ.

ಈ ಸಂದೇಶವನ್ನು ಮನುಷ್ಯರ ಬದಲು ಎಐ ಕ್ಯಾಮೆರಾ ಕಳಿಸಲಿ ಎಂಬ ಬೇಡಿಕೆ ಬೆಳೆಗಾರರ ಸಭೆಗಳಲ್ಲಿ ಕೇಳಿಬರುತ್ತಿದೆ. ತಪ್ಪೇನಿಲ್ಲ, ನಾನೂ ಅದರ ಪರ. ಕೊಯಮತ್ತೂರಿನ ಬಳಿ ಮಧುಕ್ಕರೈ ಕಾಡಿನಲ್ಲಿ ಹಾದುಹೋಗುವ ರೈಲು ಹಳಿಯ ಪಕ್ಕ ತಮಿಳುನಾಡು ಅರಣ್ಯ ಇಲಾಖೆ 2024ರ ಫೆಬ್ರುವರಿಯಲ್ಲಿ ಇಂಥ ವ್ಯವಸ್ಥೆ ಶುರು ಮಾಡಿತು. 12 ಗೋಪುರ, ಮೈಯ ಶಾಖ ನೋಡಿ ಗುರುತಿಸುವ 24 ಕ್ಯಾಮೆರಾ. ಆನೆ ಹಳಿಯ ಹತ್ತಿರ ಬಂದರೆ ಇಲಾಖೆಗೂ ರೈಲ್ವೆಗೂ ಸುದ್ದಿ ಹೋಗುತ್ತದೆ, ಚಾಲಕ ವೇಗ ಇಳಿಸುತ್ತಾನೆ. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು ಎಂಬುದು ನ್ಯಾಯವಾದ ಪ್ರಶ್ನೆ.

ಆದರೆ ಹಳಿಯ ಪಕ್ಕದ ಆನೆ ಬೇರೆ, ರೊಬಸ್ಟಾ ಒಳಗಿನ ಆನೆ ಬೇರೆ. ಅಲ್ಲಿ ಕಾಡಾದರೂ ಹಳಿಯ ಆಚೀಚೆ ಜಾಗ ಬಯಲು. ಇಲ್ಲಿ ಆಳೆತ್ತರ ದಾಟಿದ ಗಿಡ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು, ಬೆಳಿಗ್ಗೆ ಮಂಜು. ಇಡೀ ಆನೆ ಕಾಣುವುದೇ ಅಪರೂಪ. ಒಂದು ಕಿವಿ, ಒಂದು ಕಾಲು, ಕೆಲವೊಮ್ಮೆ ಅಲ್ಲಾಡುವ ಕೊಂಬೆ ಮಾತ್ರ. ಬಯಲ ಚಿತ್ರಗಳಿಂದ ಕಲಿತ ತಿರುಪುಗಳಿಗೆ ಇದು ಪರಿಚಯವಿಲ್ಲದ ಲೋಕ. ಇಲ್ಲಿನ ಚಿತ್ರ ಬೇಕು, ಚಿತ್ರ ನೋಡಿ "ಇದು ಕಿವಿ, ಇದು ಬಾಳೆ ಎಲೆ" ಎಂದು ಗುರುತು ಹಾಕುವ ಕಣ್ಣು ಬೇಕು. ಆ ಕಣ್ಣು ಇರುವುದು ಕಾರ್ಯಪಡೆಯ ಹುಡುಗರಿಗೆ, ತೋಟದ ಆಳುಗಳಿಗೆ. ಅವರನ್ನು ಕೂರಿಸಿ ಈ ಕೆಲಸ ಮಾಡಿಸುವುದಾದರೆ ಅದಕ್ಕೆ ಬೇರೆ ಸಂಬಳ ಕೊಡಬೇಕು.

ಇನ್ನು ನನ್ನ ಗಣಿತ. ಯಾವುದೋ ಕಂಪನಿ ಬಂದು, ಆನೆ ಕಂಡರೆ ಸೈರನ್ ಕೂಗುವ ಕ್ಯಾಮೆರಾ ಪೆಟ್ಟಿಗೆ ತೋರಿಸಿ, "ನಮ್ಮ ಪೆಟ್ಟಿಗೆ ನೂರಕ್ಕೆ 95 ಸಲ ಸರಿ" ಎಂದು ಹೇಳುತ್ತದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾ 1000 ಸಲ ನೋಡಿತು, ಅದರಲ್ಲಿ ನಿಜಕ್ಕೂ ಆನೆ ಇದ್ದದ್ದು 20 ಸಲ ಎಂದೂ ಇಟ್ಟುಕೊಳ್ಳಿ. ಆ 20ರಲ್ಲಿ 19 ಹಿಡಿಯಿತು, ಒಂದು ತಪ್ಪಿತು. ಉಳಿದ 980 ಸಲ ಆನೆ ಇರಲಿಲ್ಲ. ಅದರಲ್ಲಿ ನೂರಕ್ಕೆ ಐದರಂತೆ 49 ಸಲ ಸುಮ್ಮಸುಮ್ಮನೆ ಸೈರನ್ ಕೂಗಿತು. ಒಟ್ಟು ಕೂಗಿದ್ದು 68 ಸಲ, ಆನೆ ಇದ್ದದ್ದು 19 ಸಲ. ಅಂದರೆ ಏಳು ಸಲ ಕೂಗಿದರೆ ಹೆಚ್ಚುಕಡಿಮೆ ಎರಡು ಸಲ ಮಾತ್ರ ನಿಜ. ಕಂಪನಿ ಸುಳ್ಳು ಹೇಳಿಲ್ಲ, 1000ಕ್ಕೆ 950 ಸರಿಯಾಗಿಯೇ ಇದೆ. ಇನ್ನೂ ಒಂದು ಮಜಾ ಇದೆ. ಏನೂ ನೋಡದ, ಯಾವತ್ತೂ ಕೂಗದ ಖಾಲಿ ಡಬ್ಬಿಯೊಂದನ್ನು ಕಂಬಕ್ಕೆ ಕಟ್ಟಿದರೆ ಅದು 1000ಕ್ಕೆ 980 ಸಲ ಸರಿ. ನೂರಕ್ಕೆ 98! ಪೆಟ್ಟಿಗೆಗಿಂತ ಡಬ್ಬಿಯೇ ಮೇಲು ಎಂದು ಟೆಂಡರ್ ಕೊಡಬಹುದು.

ಹಾಗಾಗಿ "ಎಷ್ಟು ಸರಿ" ಎಂದು ಒಂದೇ ಅಂಕೆ ಕೇಳುವುದು ದಡ್ಡತನ. ಎಷ್ಟು ಸಲ ಸುಳ್ಳೇ ಕೂಗಿತು, ಎಷ್ಟು ಸಲ ಕೂಗಬೇಕಾದಾಗ ಸುಮ್ಮನಿತ್ತು ಎಂದು ಎರಡನ್ನೂ ಬೇರೆ ಬೇರೆ ಕೇಳಬೇಕು. ಎರಡರ ನಡುವೆ ಕೂತಿರುವುದು ಕಲರ್ ಸಾರ್ಟರಿನ ಅದೇ ನಾಬ್. ಒಳಗಿನ ಕೋಟಿ ತಿರುಪುಗಳನ್ನು ಯಂತ್ರ ತಾನೇ ತಿರುಗಿಸಿಕೊಳ್ಳುತ್ತದೆ, ಆದರೆ ಹೊರಗಿನ ಈ ಒಂದು ನಾಬ್ ಮನುಷ್ಯರ ಕೈಯಲ್ಲೇ ಉಳಿಯುತ್ತದೆ. ಎಐ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯುವಾಗ ಈ ನಾಬ್ ಬಗ್ಗೆ ಹೆಚ್ಚು ಮಂದಿ ಮಾತಾಡದಿರುವುದು ನನಗೆ ಸೋಜಿಗ. ಯಂತ್ರಕ್ಕೆ ಪ್ರಜ್ಞೆ ಬರುತ್ತದೆಯೇ, ಬಂದರೆ ನಮ್ಮನ್ನು ಆಳುತ್ತದೆಯೇ ಎಂಬ ಪ್ರಶ್ನೆಗಳು ಟಿವಿಗೆ ಚೆನ್ನ.

ಮಧುಕ್ಕರೈಯಲ್ಲಿ ನಾಬ್ ಎಲ್ಲಿಡಬೇಕು ಎಂಬುದು ಸುಲಭ. ಸುಳ್ಳು ಸುದ್ದಿ ಬಂದರೆ ರೈಲು ಕೆಲವು ನಿಮಿಷ ತಡ, ಸುದ್ದಿ ತಪ್ಪಿದರೆ ಆನೆಯ ಜೀವ. ಅನುಮಾನ ಬಂದರೂ ಕೂಗು ಎಂದು ಕೂರಿಸಬಹುದು. ಅರೇಹಳ್ಳಿಯಲ್ಲಿ ಅಷ್ಟು ಸುಲಭವಲ್ಲ. ರೊಬಸ್ಟಾ ಕೊಯ್ಲಿನ ಕಾಲದಲ್ಲಿ ಆಳುಗಳು ಬೆಳಿಗ್ಗೆ ಲೈನ್ ಮನೆಯಿಂದ ಹೊರಡುತ್ತಾರೆ, ಹಣ್ಣು ಕೊಯ್ದಷ್ಟು ಕಿಲೋಗೆ ಕೂಲಿ. ಸೈರನ್ ಕೂಗಿದರೆ ಹೋಗುವಂತಿಲ್ಲ. ಹೋಗದಿದ್ದರೆ ಆ ಹೊತ್ತಿನ ದುಡ್ಡು ಇಲ್ಲ. ಮಾಲೀಕನಿಗೆ ಹಣ್ಣು ನಾಳೆಯೂ ಗಿಡದಲ್ಲಿರುತ್ತದೆ, ಆಳಿಗೆ ಇವತ್ತಿನ ಕೂಲಿ ನಾಳೆ ಸಿಗುವುದಿಲ್ಲ. ಏಳರಲ್ಲಿ ಐದು ಸಲ ಸುಳ್ಳಾಗುವ ಸೈರನ್ ಕೂಗಿದ ಮೂರನೇ ವಾರಕ್ಕೆ ಅವರು ಏನು ಮಾಡುತ್ತಾರೆ? ಬುಟ್ಟಿ ಎತ್ತಿಕೊಂಡು ಹೋಗುತ್ತಾರೆ. ಆಮೇಲೊಂದು ದಿನ ಸೈರನ್ ನಿಜವಾಗಿರುತ್ತದೆ. ಮಾರನೆಯ ದಿನದ ವರದಿಯಲ್ಲಿ "ಎಚ್ಚರಿಕೆ ನೀಡಲಾಗಿತ್ತು, ಕಾರ್ಮಿಕರು ಪಾಲಿಸಲಿಲ್ಲ" ಎಂದು ಬರುತ್ತದೆ. ಯಂತ್ರವೂ ಸರಿ, ಇಲಾಖೆಯೂ ಸರಿ, ಸತ್ತವಳದ್ದೇ ತಪ್ಪು.

ಇದಕ್ಕೆ ಉತ್ತರ ಇನ್ನೂ ಒಳ್ಳೆಯ ಕ್ಯಾಮೆರಾ ಅಲ್ಲ, ಕೂಲಿ. ಸೈರನ್ ಕೂಗಿ ಕೆಲಸ ನಿಂತ ಬೆಳಿಗ್ಗೆಗೆ ಅರ್ಧ ದಿನದ ಕೂಲಿ ಕೊಡುವ ಏರ್ಪಾಡಾದರೆ, ನಾಬ್ ಅನ್ನು ಧೈರ್ಯವಾಗಿ ಬಿಗಿ ಮಾಡಬಹುದು. ಸುಳ್ಳು ಕೂಗಿದರೂ ಆಳು ಮನೆಯಲ್ಲೇ ಇರುತ್ತಾಳೆ. ದುಡ್ಡು ಮಾಲೀಕರಿಂದ ಒಂದು ಪಾಲು, ಇಲಾಖೆಯಿಂದ ಒಂದು ಪಾಲು ಬರಲಿ. ಆಗ ಸುಳ್ಳು ಸೈರನ್ ಕಡಿಮೆ ಮಾಡಬೇಕೆಂಬ ತಲೆನೋವು ದುಡ್ಡು ಕೊಡುವವರದ್ದಾಗುತ್ತದೆ, ಅವರು ಒಳ್ಳೆಯ ಕ್ಯಾಮೆರಾಗೆ ತಾವಾಗಿಯೇ ಓಡಾಡುತ್ತಾರೆ. ಪಕ್ಕದ ತೋಟದ ಗೌಡರಿಗೆ ಇದನ್ನು ಹೇಳಿದೆ. "ಟೀಚರೇ, ಆನೆ ಸರ್ಕಾರದ್ದು, ಕೂಲಿ ನಾವು ಕೊಡೋದಾ?" ಅಂದರು. ಬೇಲಿ ಮುರಿದಾಗ, ಬಾಳೆ ತಿಂದಾಗ ಪರಿಹಾರ ಕೇಳುವುದು ಸರ್ಕಾರವನ್ನೇ, ಅದು ಸರಿ. ಆದರೆ ಮಂಜಿನಲ್ಲಿ ಆಳನ್ನು ತೋಟಕ್ಕೆ ಕರೆಯುವುದು ಸರ್ಕಾರವಲ್ಲ ಎಂದೆ. ನನ್ನದೂ ತೋಟವೇ, ಪಾಲು ನಾನೂ ಕೊಡಬೇಕಾಗುತ್ತದೆ. ರೊಬಸ್ಟಾಗೆ ಈಚೆಗೆ ಸಿಕ್ಕ ಬೆಲೆಯಲ್ಲಿ ಅದು ಯಾರನ್ನೂ ಮುಳುಗಿಸುವ ಮೊತ್ತವಲ್ಲ.

ಈ ನಾಬಿನ ಲೆಕ್ಕವನ್ನು ಶಾಲೆಯಲ್ಲೂ ಕಲಿಸಬಹುದು. ಮೂರನೇ ತರಗತಿಯಿಂದಲೇ ಎಐ ಪಾಠ, 2026–27ರಿಂದ ಶುರು ಎಂದು ಕೇಂದ್ರ ಶಿಕ್ಷಣ ಸಚಿವಾಲಯ ಹೇಳಿದೆ. ಒಳ್ಳೆಯದು. ಕಂಪ್ಯೂಟರ್ ಬರುವವರೆಗೆ ಕಾಯಬೇಕಿಲ್ಲ. ನಮ್ಮ ಕಡೆಯ ಶಾಲೆಗೆ ಒಂದು ಸೇರು ಬೀಜ ಸಾಕು, ಮೇಲೆ ಹೇಳಿದ 1000ದ ಲೆಕ್ಕ ಏಳನೇ ತರಗತಿಯ ಶೇಕಡಾ ಪಾಠಕ್ಕೆ ಸರಿಹೋಗುತ್ತದೆ.

ಮುಂದಿನ ಗ್ರಾಮಸಭೆಗೆ ನಾನೊಂದು ಅರ್ಜಿ ಬರೆದಿದ್ದೇನೆ. ಆನೆ ಎಚ್ಚರಿಕೆಗೆ ಯಾವ ಯಂತ್ರ ಬಂದರೂ ತಿಂಗಳಿಗೊಮ್ಮೆ ಮೂರು ಅಂಕೆ ಪಂಚಾಯಿತಿ ಬೋರ್ಡಿಗೆ ಬರಬೇಕು: ಎಷ್ಟು ಸಲ ಕೂಗಿತು, ಅದರಲ್ಲಿ ಎಷ್ಟು ಸಲ ಆನೆ ಇತ್ತು, ಆನೆ ಇದ್ದೂ ಎಷ್ಟು ಸಲ ಕೂಗಲಿಲ್ಲ. ನಾಬ್ ಬದಲಿಸುವ ಮುಂಚೆ ಆಳುಗಳನ್ನೂ ಕೂರಿಸಿಕೊಂಡು ಮಾತಾಡಬೇಕು. ಅರ್ಧ ದಿನದ ಕೂಲಿಯ ಮಾತು ಮೂರನೆಯದು. ಗೌಡರು ಅದಕ್ಕೆ ಎದ್ದು ನಿಲ್ಲುತ್ತಾರೆ, ನಿಲ್ಲಲಿ. ನಾಲ್ಕನೆಯದನ್ನು ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಹೇಳಿ ಸೇರಿಸಿದರು. ಕೊಯ್ಲಿಗೆ ಈಗ ಅಸ್ಸಾಂನಿಂದ ಬಂದವರೂ ಬಹಳ, ವಾಟ್ಸ್‌ಆ್ಯಪ್ ಸಂದೇಶವಿರುವುದು ಕನ್ನಡದಲ್ಲಿ. ಅದು ಅವರ ಭಾಷೆಯಲ್ಲೂ, ಓದಲು ಬಾರದವರಿಗೆ ದನಿಯಲ್ಲೂ ಹೋಗಬೇಕು. ಅನುವಾದಕ್ಕೆ ಯಂತ್ರ ಹುಡುಕಬೇಕಿಲ್ಲ, ಲೈನ್ ಮನೆಯಲ್ಲೇ ಎರಡೂ ಭಾಷೆ ಬಲ್ಲ ಹುಡುಗನೊಬ್ಬ ಇದ್ದಾನೆ. ಸಂದೇಶಕ್ಕಿಷ್ಟು ಎಂದು ಅವನಿಗೂ ಕೊಡಬೇಕು ಎಂದು ಅರ್ಜಿಯ ಕೊನೆಯಲ್ಲಿ ಸೇರಿಸಿದ್ದೇನೆ.